ಮನೆಯಲ್ಲೇ ಎಲೆಕ್ಟ್ರಾನಿಕ್ ಸಂಗೀತ: ಮೊದಲು ಏನನ್ನು ಕೊಳ್ಳಬೇಕು, ಏನನ್ನು ಬಿಡಬೇಕು?

ಇರುಳುದನಿ

ನಮಸ್ಕಾರ. ಎಲೆಕ್ಟ್ರಾನಿಕ್ ಸಂಗೀತವನ್ನು ಇಷ್ಟು ಕಾಲ ಕೇಳಿದ್ದಾಯಿತು, ಈಗ ಮಾಡಿ ನೋಡುವ ಆಸೆ. ನಿಧಾನಗತಿಯ ಆಂಬಿಯೆಂಟ್ ಮತ್ತು ಕುಣಿತದ ಟೆಕ್ನೊ ಎರಡೂ ಇಷ್ಟ. ಯಾವ ವಾದ್ಯವನ್ನೂ ಕ್ರಮವಾಗಿ ಕಲಿತಿಲ್ಲ, ಆದರೆ ಲಯಜ್ಞಾನ ಇದೆ. ಕೈಯಲ್ಲಿರುವುದು 8 ಜಿಬಿ ರ‍್ಯಾಮ್‌ನ ವಿಂಡೋಸ್ ಲ್ಯಾಪ್‌ಟಾಪ್ ಒಂದೇ.

ಕೊಳ್ಳಬೇಕೆಂದು ಬರೆದಿಟ್ಟುಕೊಂಡ ಪಟ್ಟಿ ಹೀಗಿದೆ: 49 ಕೀಗಳ ಮಿಡಿ ಕೀಬೋರ್ಡ್, ಆಡಿಯೊ ಇಂಟರ್‌ಫೇಸ್, ಕಂಡೆನ್ಸರ್ ಮೈಕ್, ಒಂದು ಜೊತೆ ಸ್ಟುಡಿಯೊ ಸ್ಪೀಕರ್, ಒಂದು ಸಣ್ಣ ಅನಲಾಗ್ ಸಿಂಥ್ (ಧ್ವನಿಯನ್ನು ವಿದ್ಯುತ್ತಿನಿಂದಲೇ ಹುಟ್ಟಿಸುವ ಸಿಂಥಸೈಸರ್). ಎಲ್ಲವನ್ನೂ ಒಮ್ಮೆಗೇ ತರುವ ಶಕ್ತಿ ಇಲ್ಲ. ಸಂಗೀತ ಕಟ್ಟುವ ಸಾಫ್ಟ್‌ವೇರ್ ವಿಷಯದಲ್ಲಂತೂ ತಲೆ ಕೆಟ್ಟಿದೆ. ಒಬ್ಬರು ಏಬಲ್‌ಟನ್ ಎನ್ನುತ್ತಾರೆ, ಇನ್ನೊಬ್ಬರು ಎಫ್‌ಎಲ್ ಸ್ಟುಡಿಯೊ ಎನ್ನುತ್ತಾರೆ, ಮೂರನೆಯವರು ಎರಡನ್ನೂ ಬೈಯುತ್ತಾರೆ. ಯಾವುದರಿಂದ ಶುರು ಮಾಡಲಿ?

ಅಲೆಮಾಪಕ

ಹಾಡುತ್ತೀರಾ? ಅಥವಾ ಗಿಟಾರ್‌ನಂತಹ ಹೊರಗಿನ ವಾದ್ಯವನ್ನು ಧ್ವನಿಮುದ್ರಿಸುವ ಯೋಚನೆ ಇದೆಯೇ? ಎರಡೂ ಇಲ್ಲವೆಂದಾದರೆ ಮೈಕನ್ನು ಪಟ್ಟಿಯಿಂದ ಈಗಲೇ ಹೊಡೆದುಹಾಕಿ. ಮೈಕ್ ಹೋದರೆ ಇಂಟರ್‌ಫೇಸ್ ಕೊಳ್ಳುವ ಅರ್ಧ ಕಾರಣವೂ ಹೋಗುತ್ತದೆ. ಅದು ಮುಖ್ಯವಾಗಿ ಹೊರಗಿನ ಧ್ವನಿಯನ್ನು ಕಂಪ್ಯೂಟರ್ ಒಳಗೆ ತರುವ ಪೆಟ್ಟಿಗೆ: ಮೈಕ್‌ನ ಕ್ಷೀಣ ಧ್ವನಿಯನ್ನು ಏರಿಸುವ ಪ್ರಿಆಂಪ್, ಕಂಡೆನ್ಸರ್ ಮೈಕ್‌ಗೆ ಬೇಕಾದ 48 ವೋಲ್ಟ್‌ನ ಫ್ಯಾಂಟಮ್ ಪವರ್, ಗಿಟಾರ್‌ಗೆ ಬೇರೆಯೇ ಇನ್‌ಪುಟ್. ಎಲ್ಲ ಧ್ವನಿಯೂ ಲ್ಯಾಪ್‌ಟಾಪ್ ಒಳಗೇ ಹುಟ್ಟುವಾಗ ಇವುಗಳಿಗೆ ಕೆಲಸವೇ ಇರುವುದಿಲ್ಲ.

ಕೀಬೋರ್ಡ್ ಬಗ್ಗೆ ಒಂದು ಮಾತು, ಏಕೆಂದರೆ ಹೊಸಬರಲ್ಲಿ ಬಹಳ ಜನ ಇಲ್ಲಿ ಎಡವುತ್ತಾರೆ. ಮಿಡಿ ಕೀಬೋರ್ಡ್‌ನಿಂದ ಯಾವ ಧ್ವನಿಯೂ ಬರುವುದಿಲ್ಲ. 1983ರಲ್ಲಿ ಬಂದ ಮಿಡಿ ಎಂಬ ಒಪ್ಪಂದ ಸಾಗಿಸುವುದು ಬರೀ ಸಂದೇಶಗಳನ್ನು: ಯಾವ ಸ್ವರ ಒತ್ತಿದಿರಿ, 0ಯಿಂದ 127ರ ಅಳತೆಯಲ್ಲಿ ಎಷ್ಟು ಬಲವಾಗಿ ಒತ್ತಿದಿರಿ, ಯಾವಾಗ ಬಿಟ್ಟಿರಿ. ಧ್ವನಿ ಹುಟ್ಟಿಸುವುದು ಕಂಪ್ಯೂಟರ್‌ನಲ್ಲಿರುವ ಸಿಂಥ್. ಹಾಗಾಗಿ ದುಬಾರಿ ಕೀಬೋರ್ಡ್‌ನಿಂದ ಸಂಗೀತದ ಧ್ವನಿ ಒಂದಿಷ್ಟೂ ಉತ್ತಮವಾಗುವುದಿಲ್ಲ. ಉತ್ತಮವಾಗುವುದು ಬೆರಳಿಗೆ ಸಿಗುವ ಹಿಡಿತ ಮಾತ್ರ. ಕಲಿಯದ ಬೆರಳಿಗೆ 25 ಸಣ್ಣ ಕೀಗಳೇ ಧಾರಾಳ. ಅದೂ ಬರುವವರೆಗೆ ಏಬಲ್‌ಟನ್ ಲೈವ್‌ನಲ್ಲಿ ಲ್ಯಾಪ್‌ಟಾಪ್‌ನ ನಡುಸಾಲಿನ ಅಕ್ಷರಗಳನ್ನೇ ಸ್ವರಗಳಂತೆ ನುಡಿಸಬಹುದು.

ನನ್ನ ಪಟ್ಟಿ: ಇರುವ ಲ್ಯಾಪ್‌ಟಾಪ್, ತಂತಿಯಿರುವ ಒಳ್ಳೆಯ ಹೆಡ್‌ಫೋನ್, ಒಂದು ಸಾಫ್ಟ್‌ವೇರ್. ಮುಗಿಯಿತು. ಹಣ ಹಾಕುವುದಾದರೆ ಹೆಡ್‌ಫೋನ್‌ಗೆ ಹಾಕಿ. ಕೊಳ್ಳುವಾಗ ಓಮ್ ಸಂಖ್ಯೆಯನ್ನು, ಅಂದರೆ ವಿದ್ಯುತ್ ತಡೆಯ ಅಳತೆಯನ್ನು, ನೋಡಿ. ಬೈಯರ್‌ಡೈನಾಮಿಕ್ ಡಿಟಿ 770 ಪ್ರೊ ಎಂಬ ಒಂದೇ ಮಾದರಿ 32, 80, 250 ಓಮ್‌ಗಳಲ್ಲಿ ಸಿಗುತ್ತದೆ. ಲ್ಯಾಪ್‌ಟಾಪ್‌ಗೆ ನೇರವಾಗಿ ಚುಚ್ಚುವುದಾದರೆ 250ರದ್ದು ಬೇಡ, ಧ್ವನಿ ಸಣ್ಣದಾಗಿ ಕೇಳಿಸುತ್ತದೆ. ಸೋನಿ ಎಂಡಿಆರ್-7506 (63 ಓಮ್) ಅಥವಾ ಆಡಿಯೊ ಟೆಕ್ನಿಕಾ ಎಂ40ಎಕ್ಸ್ (35 ಓಮ್) ನಿಶ್ಚಿಂತೆಯಿಂದ ಓಡುತ್ತವೆ.

ಬೆಸುಗೆಕಡ್ಡಿ

ಅಲೆಮಾಪಕರ ಲೆಕ್ಕ ಸರಿ, ಆದರೆ ಲೆಕ್ಕದಿಂದ ಯಾರೂ ಸಂಗೀತಕ್ಕೆ ಬರುವುದಿಲ್ಲ. ಇಡೀ ದಿನ ಪರದೆಯ ಮುಂದೆ ದುಡಿದು ಬಂದವನಿಗೆ ಸಂಜೆಯೂ ಅದೇ ಪರದೆ, ಅದೇ ಮೌಸ್ ಕೊಟ್ಟರೆ ಅವನು ಟೆಕ್ನೊ ಮಾಡುವುದಿಲ್ಲ, ಮಿಂಚಂಚೆ ನೋಡುತ್ತಾನೆ.

ಇರುಳುದನಿ ಅವರೇ, ಅನಲಾಗ್ ಸಿಂಥನ್ನು ಪಟ್ಟಿಯಲ್ಲಿ ಉಳಿಸಿಕೊಳ್ಳಿ. ಕೋರ್ಗ್ ಕಂಪನಿಯ ವೋಲ್ಕಾ ಸರಣಿ 2013ರಲ್ಲಿ ಬಂದದ್ದೇ ನಿಮ್ಮಂತಹವರಿಗಾಗಿ. ಎಎ ಬ್ಯಾಟರಿ ಆರು ಹಾಕಿದರೆ ಓಡುತ್ತದೆ, ಒಳಗೇ ಸಣ್ಣ ಸ್ಪೀಕರ್ ಇದೆ, ಸ್ವರಗಳನ್ನು ಸಾಲಾಗಿ ನುಡಿಸುವ 16 ಹೆಜ್ಜೆಗಳ ಸೀಕ್ವೆನ್ಸರ್ ಇದೆ. ತಿರುಗಣೆ ತಿರುಗಿಸಿದ ಕೂಡಲೇ ಫಿಲ್ಟರ್ (ಧ್ವನಿಯ ಕೆಲವು ಭಾಗ ತಡೆಯುವ ಜರಡಿ) ತೆರೆದುಕೊಳ್ಳುವುದು ಕಿವಿಗೆ ಗೊತ್ತಾಗುತ್ತದೆ. ಮೆನು ಒಳಗೆ ಮೆನು ಹುಡುಕುವ ಗೋಳಿಲ್ಲ. ಸ್ವಲ್ಪ ಹೆಚ್ಚು ಹಣವಿದ್ದರೆ ನೋವೇಶನ್ ಸರ್ಕಿಟ್ ಟ್ರ್ಯಾಕ್ಸ್. ಅದರಲ್ಲಿ ಎರಡು ಸಿಂಥ್, ನಾಲ್ಕು ಡ್ರಮ್, ಹೊರಗಿನ ಯಂತ್ರಗಳನ್ನು ನಡೆಸಲು ಎರಡು ಮಿಡಿ ಟ್ರ್ಯಾಕ್ (ಪದರ). ಕಂಪ್ಯೂಟರ್ ಆನ್ ಮಾಡದೆಯೇ ಒಂದು ಇಡೀ ತುಣುಕನ್ನು ಕಟ್ಟಬಹುದು.

ಇನ್ನು, ಪರಿಮಿತಿಯನ್ನು ಕೊರತೆ ಎಂದುಕೊಳ್ಳಬೇಡಿ. ರೋಲ್ಯಾಂಡ್ ಟಿಬಿ-303 ಯಂತ್ರ 1981ರಲ್ಲಿ ಬೇಸ್ ಗಿಟಾರ್‌ಗೆ ಬದಲಿಯಾಗಿ ಬಂತು. ಗಿಟಾರಿನ ಹಾಗೆ ಕೇಳಿಸಲೇ ಇಲ್ಲ, ಮಾರಾಟವಾಗಲಿಲ್ಲ, 1984ರಲ್ಲಿ ತಯಾರಿಕೆ ನಿಂತಿತು. ಹಳೆಯ ಸಾಮಾನಿನ ಅಂಗಡಿಗಳಲ್ಲಿ ಅಗ್ಗವಾಗಿ ಬಿದ್ದಿದ್ದ ಅದನ್ನು ಷಿಕಾಗೊದ ಹುಡುಗರು ಕೊಂಡು ಬೇಕಾಬಿಟ್ಟಿ ತಿರುಗಿಸಿದ್ದರಿಂದಲೇ ಆ್ಯಸಿಡ್ ಹೌಸ್ ಎಂಬ ಕುಣಿತದ ಸಂಗೀತ ಹುಟ್ಟಿದ್ದು.

ಮುಕ್ತಮೂಲ

ಕತೆ ಚೆನ್ನಾಗಿದೆ. ಆದರೆ ವೋಲ್ಕಾ ಸರಣಿಯ ಬೇಸ್ ಆಗಲಿ ಕೀಸ್ ಆಗಲಿ, ತಿರುಗಣೆಗಳನ್ನು ಹೊಂದಿಸಿ ಪಡೆದ ಧ್ವನಿಯನ್ನು ಉಳಿಸಿಕೊಳ್ಳುವುದಿಲ್ಲ ಎಂಬುದನ್ನೂ ಹೇಳಿ. ಸ್ವರಗಳ ಸಾಲು ಉಳಿಯುತ್ತದೆ, ಧ್ವನಿ ಉಳಿಯುವುದಿಲ್ಲ. ನಿನ್ನೆ ರಾತ್ರಿಯ ಅದ್ಭುತ ಧ್ವನಿ ಬೆಳಗ್ಗೆ ಬೇಕೆಂದರೆ ತಿರುಗಣೆಗಳ ಫೋಟೊ ತೆಗೆದಿಟ್ಟುಕೊಂಡಿರಬೇಕು.

ಇರುಳುದನಿ ಅವರೇ, ಸಿಂಥ್‌ಗೆ ಹಣ ಕೊಡುವ ಮುನ್ನ ಸರ್ಜ್ ಎಕ್ಸ್‌ಟಿ ಮತ್ತು ವೈಟಲ್ ಎಂಬ ಸಾಫ್ಟ್‌ವೇರ್ ಸಿಂಥ್‌ಗಳೆರಡನ್ನೂ ಇಳಿಸಿಕೊಳ್ಳಿ. ಸರ್ಜ್ ಒಂದು ಕಾಲದಲ್ಲಿ ಹಣಕ್ಕೆ ಮಾರಾಟವಾಗುತ್ತಿದ್ದ ಸಿಂಥ್; 2018ರಲ್ಲಿ ಅದರ ಕರ್ತೃ ಮೂಲಸಂಕೇತವನ್ನೇ (ಸೋರ್ಸ್ ಕೋಡ್) ಎಲ್ಲರಿಗೂ ಬಿಟ್ಟುಕೊಟ್ಟರು, ಅಂದಿನಿಂದ ಸ್ವಯಂಸೇವಕರು ಬೆಳೆಸುತ್ತಿದ್ದಾರೆ. 2020ರಲ್ಲಿ ಬಂದ ವೈಟಲ್‌ನ ಬೇಸಿಕ್ ಆವೃತ್ತಿ ಉಚಿತ. ಕಲಿಯುವವರಿಗೆ ವೈಟಲ್ ಹೆಚ್ಚು ಒಳ್ಳೆಯದು, ಏಕೆಂದರೆ ಒಳಗೆ ನಡೆಯುವುದೆಲ್ಲ ಕಣ್ಣಿಗೆ ಕಾಣಿಸುತ್ತದೆ: ಅಲೆಯ ಆಕಾರ ಬದಲಾಗುವುದು, ಫಿಲ್ಟರ್ ಏರಿಳಿಯುವುದು, ಎಲ್ಲವೂ. ಯಮಾಹಾ ಡಿಎಕ್ಸ್7 ಸಿಂಥ್‌ನ ಗಾಜಿನಂತಹ ಗಂಟೆನಾದ ಬೇಕಿದ್ದರೆ ಡೆಕ್ಸೆಡ್ ಇದೆ, ಅದೂ ಉಚಿತ.

ಮುಖ್ಯ ಸಾಫ್ಟ್‌ವೇರ್ ಬಗ್ಗೆ: ಪೂರ್ತಿ ಉಚಿತವಾಗಿಯೇ ಇರಬೇಕೆಂದರೆ ಎಲ್‌ಎಂಎಂಎಸ್ ಇದೆ, ಆದರೆ ಅದರ 1.2 ಆವೃತ್ತಿಯಲ್ಲಿ ಮೈಕ್ ಮೂಲಕ ಧ್ವನಿಮುದ್ರಿಸಲು ಆಗುವುದಿಲ್ಲ. ಟ್ರ್ಯಾಕ್ಷನ್ ಸಂಸ್ಥೆಯ ವೇವ್‌ಫಾರ್ಮ್ ಫ್ರೀ ಆವೃತ್ತಿಯಲ್ಲಿ ಟ್ರ್ಯಾಕ್‌ಗಳ ಸಂಖ್ಯೆಗೆ ಮಿತಿ ಇಲ್ಲ. ನನ್ನ ಮೊದಲ ಶಿಫಾರಸು ಅದೇ. ರೀಪರ್ 60 ದಿನ ಯಾವ ಕತ್ತರಿಯೂ ಇಲ್ಲದೆ ಸಿಗುತ್ತದೆ, ಗಾತ್ರದಲ್ಲಿ ಚಿಕ್ಕದು, ಹಳೆಯ ಕಂಪ್ಯೂಟರ್‌ನಲ್ಲೂ ಹಗುರವಾಗಿ ಓಡುತ್ತದೆ. ಆದರೆ ಅದರೊಂದಿಗೆ ಹೇಳಿಕೊಳ್ಳುವಂತಹ ವಾದ್ಯಗಳು ಬರುವುದಿಲ್ಲ, ನೀವೇ ಸೇರಿಸಿಕೊಳ್ಳಬೇಕು.

ಇರುಳುದನಿ

ಎಲ್ಲರಿಗೂ ವಂದನೆ. ಹಾಡುವುದಿಲ್ಲ, ಅದು ಸುತ್ತಲಿನವರ ಪುಣ್ಯ. ಮೈಕ್ ಹೊಡೆದುಹಾಕಿದೆ. ಸದ್ಯಕ್ಕೆ ಇಂಟರ್‌ಫೇಸ್ ಕೂಡ. ಏಬಲ್‌ಟನ್ ಲೈವ್, ಎಫ್‌ಎಲ್ ಸ್ಟುಡಿಯೊ ಎರಡರದ್ದೂ ಪರೀಕ್ಷಾ ಆವೃತ್ತಿ ಸಿಗುತ್ತದೆಯಂತೆ. ಎರಡರ ನಡುವೆ ನಿಜವಾಗಿ ಇರುವ ವ್ಯತ್ಯಾಸವೇನು? ಯಾವುದರ ಧ್ವನಿ ಚೆನ್ನ?

ತಾಳಗಾರ್ತಿ

ಧ್ವನಿಯಲ್ಲಿ ವ್ಯತ್ಯಾಸ ಹುಡುಕಬೇಡಿ. ಅವೇ ಫೈಲುಗಳನ್ನು ಅದೇ ಮಟ್ಟದಲ್ಲಿ ಕೂಡಿಸಿದರೆ ಎರಡರಿಂದಲೂ ಬರುವುದು ಒಂದೇ. ವ್ಯತ್ಯಾಸ ಇರುವುದು ಕೆಲಸ ಮಾಡುವ ರೀತಿಯಲ್ಲಿ, ಅದು ಸಣ್ಣದೇನಲ್ಲ.

ಎಫ್‌ಎಲ್ ಸ್ಟುಡಿಯೊ 1997ರಲ್ಲಿ ಫ್ರೂಟಿಲೂಪ್ಸ್ ಎಂಬ ಹೆಸರಿನ ಪುಟ್ಟ ಡ್ರಮ್ ಸೀಕ್ವೆನ್ಸರ್ ಆಗಿ ಹುಟ್ಟಿತು, ಆ ಹುಟ್ಟುಗುಣ ಇನ್ನೂ ಹೋಗಿಲ್ಲ. ತೆರೆದ ತಕ್ಷಣ ಮುಂದೆ ಹೆಜ್ಜೆಗಳ ಸಾಲು. ಕಿಕ್ (ಡ್ರಮ್‌ನ ಮಂದ್ರ ಏಟು) ಎಲ್ಲಿ, ಸ್ನೇರ್ (ಚುರುಕು ಏಟು) ಎಲ್ಲಿ ಎಂದು ಚೌಕಗಳನ್ನು ಒತ್ತುತ್ತಾ ಹೋದರೆ ತಾಳ ಸಿದ್ಧ. ಅದರ ಪಿಯಾನೊ ರೋಲ್ ಎಂಬ ಸ್ವರಪಟದಲ್ಲಿ ಮೌಸ್‌ನಿಂದ ಸ್ವರ ಬರೆಯುವಷ್ಟು ಸಲೀಸು ಬೇರೆಲ್ಲೂ ಇಲ್ಲ ಎಂದು ನನ್ನ ಗಟ್ಟಿ ಅಭಿಪ್ರಾಯ. ವಾದ್ಯ ಕಲಿಯದವರಿಗೆ ಇದು ದೊಡ್ಡ ವರ. ಒಮ್ಮೆ ಕೊಂಡರೆ ಮುಂದಿನ ಆವೃತ್ತಿಗಳಿಗೆ ಮತ್ತೆ ಹಣ ಕೇಳುವುದಿಲ್ಲ.

2001ರಲ್ಲಿ ಬಂದ ಲೈವ್ ಹೆಸರೇ ಹೇಳುವಂತೆ ವೇದಿಕೆಗಾಗಿ ಹುಟ್ಟಿದ್ದು. ಅದರ ಸೆಷನ್ ವ್ಯೂ ಎಂಬ ಪುಟದಲ್ಲಿ ಸಣ್ಣ ಸಣ್ಣ ತುಣುಕುಗಳು ಚೌಕಟ್ಟುಗಳಲ್ಲಿ ಕುಳಿತಿರುತ್ತವೆ. ಯಾವುದನ್ನು ಒತ್ತಿದರೂ ತಾಳ ತಪ್ಪದೆ ಮುಂದಿನ ಆವರ್ತಕ್ಕೆ ಸರಿಯಾಗಿ ಸೇರಿಕೊಳ್ಳುತ್ತದೆ. ಹಾಡಿಗೆ ಆದಿ ಅಂತ್ಯ ಇನ್ನೂ ಹೊಳೆಯದಿರುವಾಗ ಆಟವಾಡುತ್ತಾ ಕಟ್ಟಲು ಇದಕ್ಕಿಂತ ಒಳ್ಳೆಯದು ಸಿಗುವುದಿಲ್ಲ. ಟೆಕ್ನೊ ಎಂದಿರಿ, ಹಾಗಾಗಿ ನನ್ನ ಮತ ಲೈವ್‌ಗೆ.

ಪರೀಕ್ಷಾ ಆವೃತ್ತಿಗಳ ಕರಾರು ಮಾತ್ರ ಎಚ್ಚರದಿಂದ ಓದಿ. ಲೈವ್ 30 ದಿನ ಎಲ್ಲವನ್ನೂ ಕೊಡುತ್ತದೆ, ಆಮೇಲೆ ಕೆಲಸವನ್ನು ಉಳಿಸಲು ಬಿಡುವುದಿಲ್ಲ. ಎಫ್‌ಎಲ್‌ಗೆ ದಿನಗಳ ಗಡುವಿಲ್ಲ. ಆದರೆ ಉಳಿಸಿದ ಪ್ರಾಜೆಕ್ಟನ್ನು ಕೊಳ್ಳುವವರೆಗೆ ಮತ್ತೆ ತೆರೆಯಲಾಗದು. ಕೂತ ಬೈಠಕ್ಕಿನಲ್ಲೇ ಮುಗಿಸಿ ಎಂಪಿ3 ಮಾಡಿಕೊಳ್ಳಬೇಕು. ಕೆಲವರಿಗೆ ಈ ಕಟ್ಟುಪಾಡು ಒಳ್ಳೆಯದನ್ನೇ ಮಾಡಿದೆ, ಅದು ಬೇರೆ ಮಾತು.

ಮ್ಯಾಕ್ ಇರುವವರು ಇದನ್ನು ಓದುತ್ತಿದ್ದರೆ: ಗ್ಯಾರೇಜ್‌ಬ್ಯಾಂಡ್ ಉಚಿತ, ಈ ಗೊಂದಲ ನಿಮಗೆ ಬೇಡ.

ಅಲೆಮಾಪಕ

ಬೆಸುಗೆಕಡ್ಡಿಯವರ ಪರದೆಯ ದಣಿವಿನ ಮಾತನ್ನು ತಳ್ಳಿಹಾಕಲಾರೆ. ಆದರೆ ಒಂದು ಯಂತ್ರ ಒಂದಾಗಿಯೇ ಉಳಿಯುವುದಿಲ್ಲ. ವೋಲ್ಕಾ ಬೇಸ್ ಬಂದರೆ ಡ್ರಮ್ ಬೇಕೆನಿಸುತ್ತದೆ, ಎರಡಾದರೆ ಧ್ವನಿ ಕೂಡಿಸುವ ಮಿಕ್ಸರ್, ಮಿಕ್ಸರ್ ಬಂದರೆ ಅನುರಣನ ಕೊಡುವ ರಿವರ್ಬ್, ಅದನ್ನೆಲ್ಲ ಮುದ್ರಿಸಿಕೊಳ್ಳಲು ಮತ್ತೆ ಅದೇ ಇಂಟರ್‌ಫೇಸ್. ಮೇಜಿನ ತುಂಬಾ ಪವರ್ ಅಡಾಪ್ಟರ್‌ಗಳು. ಸರ್ಕಿಟ್ ಟ್ರ್ಯಾಕ್ಸ್‌ನಂತಹ ಸ್ವಯಂಪೂರ್ಣ ಯಂತ್ರವಾದರೆ ಒಪ್ಪುತ್ತೇನೆ. ಬಿಡಿ ಸಿಂಥ್ ಮೊದಲ ಖರೀದಿಯಾಗಬಾರದು.

ಇರುಳುದನಿ

ಲೈವ್ ಮತ್ತು ವೈಟಲ್ ಹಾಕಿಕೊಂಡೆ. ಧ್ವನಿ ಬಂದಾಗ ಆದ ಸಂತೋಷ ಹೇಳತೀರದು. ಆದರೆ ಕೀ ಒತ್ತಿದ ಮೇಲೆ ತಡವಾಗಿ ಸ್ವರ ಕೇಳುತ್ತದೆ, ಲಯ ಹಿಡಿಯಲು ಸಾಧ್ಯವೇ ಇಲ್ಲ. ಬ್ಲೂಟೂತ್ ಹೆಡ್‌ಫೋನ್ ತೆಗೆದು ತಂತಿಯ ಇಯರ್‌ಫೋನ್ ಹಾಕಿದರೆ ತಡ ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಲ್ಯಾಪ್‌ಟಾಪ್ ಸಾಲದೇ? ರ‍್ಯಾಮ್ ಹೆಚ್ಚಿಸಬೇಕೇ?

ಮುಕ್ತಮೂಲ

ರ‍್ಯಾಮ್‌ಗೂ ಇದಕ್ಕೂ ಸಂಬಂಧವಿಲ್ಲ. ಬ್ಲೂಟೂತ್ ತಡ ಸಾಮಾನ್ಯವಾಗಿ 100 ಮಿಲಿಸೆಕೆಂಡ್ ಮೀರುತ್ತದೆ; ಕೇಳಲು ತೊಂದರೆಯಿಲ್ಲ, ನುಡಿಸಲು ಆಗದು. ಅದನ್ನು ಬದಿಗಿಟ್ಟದ್ದು ಸರಿಯಾಯಿತು.

ಉಳಿದ ತಡ ಬಫರ್‌ನದ್ದು. ಕಂಪ್ಯೂಟರ್ ಧ್ವನಿಯನ್ನು ಸ್ಯಾಂಪಲ್‌ಗಳ, ಅಂದರೆ ಧ್ವನಿಯ ಅತಿಸಣ್ಣ ಅಳತೆಗಳ, ಕಂತುಗಳಲ್ಲಿ ತಯಾರಿಸುತ್ತದೆ. ಸೆಕೆಂಡಿಗೆ 44,100 ಸ್ಯಾಂಪಲ್ ಇರುವಾಗ 1024ರ ಕಂತು ಎಂದರೆ 23 ಮಿಲಿಸೆಕೆಂಡ್, 512 ಎಂದರೆ ಸುಮಾರು 11.6, 128 ಎಂದರೆ ಸುಮಾರು 2.9. ಇದರ ಮೇಲೆ ಡ್ರೈವರ್ ಮತ್ತು ಯಂತ್ರಾಂಶದ ತಡ ಬೇರೆ ಸೇರುತ್ತದೆ. ಒಟ್ಟು 10ರ ಆಸುಪಾಸಿಗೆ ಇಳಿದರೆ ಬಹುತೇಕರ ಕೈಗೆ ತಡ ಗೊತ್ತಾಗುವುದಿಲ್ಲ. ಬಫರನ್ನು ತೀರಾ ಇಳಿಸಿದರೆ ಪ್ರೊಸೆಸರ್ ಹೊತ್ತಿಗೆ ಸರಿಯಾಗಿ ಕಂತು ಒದಗಿಸಲಾರದೆ ಚಟಪಟ ಸದ್ದು ಬರುತ್ತದೆ. ನುಡಿಸುವಾಗ ಇಳಿಸಿ, ಮಿಶ್ರಣ ಮಾಡುವಾಗ ಏರಿಸಿ.

ವಿಂಡೋಸ್‌ನಲ್ಲಿ ಮಾತ್ರ ಇನ್ನೊಂದು ಕೊಂಡಿ ಇದೆ. ಅದರ ಸಾಧಾರಣ ಧ್ವನಿಮಾರ್ಗ ಈ ಕೆಲಸಕ್ಕೆ ನಿಧಾನ. ಲೈವ್‌ನ ಆಡಿಯೊ ಸೆಟ್ಟಿಂಗ್‌ಗೆ ಹೋಗಿ ತಡ ಕಡಿಮೆ ಮಾಡುವ ಎಎಸ್‌ಐಒ ಡ್ರೈವರ್ ಆರಿಸಬೇಕು. ಲ್ಯಾಪ್‌ಟಾಪ್‌ನ ಸ್ವಂತ ಸೌಂಡ್ ಕಾರ್ಡ್‌ಗೆ ಸಾಮಾನ್ಯವಾಗಿ ಅಂತಹ ಡ್ರೈವರ್ ಇರುವುದಿಲ್ಲ. ಎಎಸ್‌ಐಒ4ಆಲ್ ಎಂಬ ಉಚಿತ ತಂತ್ರಾಂಶ ಆ ಜಾಗ ತುಂಬುತ್ತದೆ. ಅದನ್ನು ಹಾಕಿ 256ಕ್ಕೆ ಇಟ್ಟು ನೋಡಿ. ಅದೂ ಕೈಕೊಟ್ಟರೆ ಆಗ ಇಂಟರ್‌ಫೇಸ್ ಕೊಳ್ಳಲು ನಿಜವಾದ ಕಾರಣ ಸಿಕ್ಕಂತಾಯಿತು, ಏಕೆಂದರೆ ಸಂಗೀತಕ್ಕೆಂದು ಮಾಡಿದ ಇಂಟರ್‌ಫೇಸ್‌ಗಳಲ್ಲಿ ಹೆಚ್ಚಿನವು ತಮ್ಮದೇ ಎಎಸ್‌ಐಒ ಡ್ರೈವರ್‌ನೊಂದಿಗೆ ಬರುತ್ತವೆ.

8 ಜಿಬಿ ಸಾಲದಾಗುವುದು ದೊಡ್ಡ ವಾದ್ಯವೃಂದದ ಸ್ಯಾಂಪಲ್ (ಇಲ್ಲಿ ಮುದ್ರಿತ ಧ್ವನಿ) ಸಂಗ್ರಹಗಳನ್ನು ತೆರೆದಾಗ. ಸಿಂಥ್‌ಗಳು ತಿನ್ನುವುದು ಪ್ರೊಸೆಸರನ್ನು. ಅದು ಏದುಸಿರು ಬಿಟ್ಟರೆ ಟ್ರ್ಯಾಕನ್ನು ಫ್ರೀಜ್ ಮಾಡಿ; ಸಿಂಥ್ ನಿದ್ದೆಹೋಗಿ ಅದರ ಧ್ವನಿ ಫೈಲಾಗಿ ಓಡುತ್ತದೆ.

ಗೋಡೆಮೂಲೆ

ಸ್ಪೀಕರ್ ಬಗ್ಗೆ ಯಾರೂ ಮಾತೆತ್ತಲಿಲ್ಲವಲ್ಲ, ನಾನು ಎತ್ತುತ್ತೇನೆ. ಇರುಳುದನಿ ಅವರೇ, ನಿಮ್ಮ ಕೋಣೆ ಎಷ್ಟು ಉದ್ದವಿದೆ? ಮಲಗುವ ಕೋಣೆಯಲ್ಲೇ ಕೂರುವುದಾದರೆ ಸ್ಪೀಕರ್ ಹಣವನ್ನು ಹಾಗೇ ಇಟ್ಟುಕೊಳ್ಳಿ.

ಕಾರಣ ಸರಳ ಭೌತಶಾಸ್ತ್ರ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ. ಟೆಕ್ನೊ ಕಿಕ್‌ನ ಜೀವ ಇರುವ 50 ಹರ್ಟ್ಜ್‌ನ ಒಂದು ಅಲೆ ಹತ್ತಿರ ಹತ್ತಿರ 6.9 ಮೀಟರ್ ಉದ್ದ. ಕೋಣೆ 3.4 ಮೀಟರ್ ಇದ್ದರೆ ಅದರ ಅರ್ಧ ಅಲೆ ಎರಡು ಗೋಡೆಗಳ ನಡುವೆ ಸರಿಯಾಗಿ ಸಿಕ್ಕಿಹಾಕಿಕೊಂಡು ನಿಂತುಬಿಡುತ್ತದೆ. ನಡುವೆ ಕುಳಿತರೆ ಕಿಕ್ ಮಾಯ, ಗೋಡೆಗೆ ಒರಗಿದರೆ ಗುಡುಗು. ನಡುವೆ ಕುಳಿತವರು ಬೇಸ್ ಸಾಲದೆಂದು ಏರಿಸುತ್ತಾರೆ, ಆಮೇಲೆ ಅದೇ ಹಾಡು ಕಾರಿನಲ್ಲಿ ಗಾಜು ಅದುರಿಸುತ್ತದೆ. ಎಷ್ಟೇ ದುಬಾರಿ ಸ್ಪೀಕರ್ ತಂದರೂ ಕೋಣೆ ಬದಲಾಗುವುದಿಲ್ಲ. ಗೋಡೆಗೆ ತೆಳ್ಳಗಿನ ಫೋಮ್ ಅಂಟಿಸಿದರೆ ಕಡಿಮೆಯಾಗುವುದು ಮೇಲಿನ ಸ್ವರಗಳ ಪ್ರತಿಧ್ವನಿ ಮಾತ್ರ. ಮಂದ್ರಕ್ಕೆ ಮೂಲೆಯಲ್ಲಿ ದಪ್ಪನೆಯ ಖನಿಜ ಉಣ್ಣೆಯ ದಿಮ್ಮಿಗಳೇ ಬೇಕು.

ಹೆಡ್‌ಫೋನ್‌ಗೆ ಈ ಕಾಯಿಲೆ ಇಲ್ಲ. ಅದರ ಕಾಯಿಲೆ ಬೇರೆ: ಎಡ ಕಿವಿಗೆ ಬಲದ ಧ್ವನಿ ತಲುಪುವುದೇ ಇಲ್ಲವಾದ್ದರಿಂದ ಎಲ್ಲವೂ ಅಗಲವಾಗಿ, ತಲೆಯೊಳಗೆ ನಡೆದಂತೆ ಕೇಳಿಸುತ್ತದೆ. ನಿಮಗೆ ಇಷ್ಟವಾದ, ಚೆನ್ನಾಗಿ ಮಿಶ್ರಣಗೊಂಡ ಹಾಡೊಂದನ್ನು ಅದೇ ಪ್ರಾಜೆಕ್ಟಿನಲ್ಲಿ ಹಾಕಿಕೊಂಡು, ನಿಮ್ಮದರ ಮಟ್ಟಕ್ಕೆ ಅದರ ಧ್ವನಿ ಇಳಿಸಿ, ಆಗಾಗ ಹೋಲಿಸುತ್ತಿರಿ. ಮಟ್ಟ ಇಳಿಸದಿದ್ದರೆ ಜೋರಾಗಿರುವುದೇ ಚೆನ್ನಾಗಿದೆ ಎಂದು ಕಿವಿ ತೀರ್ಪು ಕೊಟ್ಟುಬಿಡುತ್ತದೆ.

ಕಿವಿಯ ಮಾತು ಬಂದದ್ದಕ್ಕೆ: 85 ಡೆಸಿಬೆಲ್‌ಗೆ ದಿನಕ್ಕೆ 8 ಗಂಟೆ ಎಂಬುದು ಕೆಲಸದ ಜಾಗಗಳಿಗೆ ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ ಎನ್‌ಐಒಎಸ್‌ಎಚ್ ಶಿಫಾರಸು ಮಾಡಿದ ಮಿತಿ. ಪ್ರತಿ 3 ಡೆಸಿಬೆಲ್ ಏರಿಕೆಗೆ ಅವಧಿ ಅರ್ಧವಾಗುತ್ತದೆ. 91 ಆದರೆ 2 ಗಂಟೆ. ಹೆಡ್‌ಫೋನ್‌ನಲ್ಲಿ ಕೆಲಸ ಮಾಡುವವರು ಸ್ವಲ್ಪ ಸ್ವಲ್ಪವೇ ಏರಿಸುತ್ತಾ ಹೋಗಿರುವುದು ಅವರಿಗೇ ತಿಳಿಯುವುದಿಲ್ಲ.

ಬೆಸುಗೆಕಡ್ಡಿ

ಗೋಡೆಮೂಲೆಯವರ ಕೋಣೆಗೆ ಹೋದರೆ ಸಂಗೀತ ಕೇಳುವ ಮೊದಲು ಅಳತೆಪಟ್ಟಿ ಹಿಡಿಯಬೇಕೇನೋ. ಚಿಕ್ಕ ಸ್ಪೀಕರ್‌ನಲ್ಲಿ ಒಮ್ಮೆ ಕೇಳಿ ನೋಡುವುದರಿಂದ ನಷ್ಟವಿಲ್ಲ, ಮೊಬೈಲ್‌ನಲ್ಲಿ ಕೇಳಿದರೂ ಆಯಿತು. ಕಿಕ್ ಅಲ್ಲಿ ಸಂಪೂರ್ಣ ಕಾಣೆಯಾದರೆ ಅದರಲ್ಲಿ ಬರೀ ಮಂದ್ರವೇ ಇದೆ, ಮೇಲಿನ ಟಕ್ ಎಂಬ ಭಾಗ ಇಲ್ಲ ಎಂದರ್ಥ.

ತಾಳಗಾರ್ತಿ

ಆ ಟಕ್ ಎಲ್ಲಿಂದ ಬರುತ್ತದೆ ಎಂದು ಇರುಳುದನಿ ಅವರು ತಾವೇ ಮಾಡಿ ನೋಡಲಿ. ಇಷ್ಟು ಚರ್ಚೆಯಾದರೂ ಯಾರೂ ಮೊದಲ ಸಂಜೆ ಏನು ಮಾಡಬೇಕೆಂದು ಹೇಳಿಲ್ಲ.

ವೈಟಲ್ ತೆರೆದು ಖಾಲಿ ಧ್ವನಿಯಿಂದ ಹೊರಡಿ. ಸಿದ್ಧ ಧ್ವನಿಗಳ ಪಟ್ಟಿಯನ್ನು ಮುಟ್ಟಬೇಡಿ, ಅದರೊಳಗೆ ಹೋದವರು ಸುಲಭಕ್ಕೆ ಹೊರಬರುವುದಿಲ್ಲ. ಒಂದೇ ಆಸಿಲೇಟರ್ (ಅಲೆ ಹುಟ್ಟಿಸುವ ಭಾಗ), ನುಣುಪಾದ ಸೈನ್ ಅಲೆ. ಧ್ವನಿಯ ಮಟ್ಟದ ಎನ್ವಲಪ್‌ನಲ್ಲಿ (ಕಾಲದೊಂದಿಗೆ ಏರಿಳಿಸುವ ಭಾಗ) ಅಟ್ಯಾಕ್ (ಏರುವ ಹೊತ್ತು) ಸೊನ್ನೆ, ಸಸ್ಟೇನ್ (ಒತ್ತಿ ಹಿಡಿದಾಗ ನಿಲ್ಲುವ ಮಟ್ಟ) ಸೊನ್ನೆ, ಡಿಕೇ (ಇಳಿಯುವ ಹೊತ್ತು) 300 ಮಿಲಿಸೆಕೆಂಡ್ ಸುಮಾರು. ಈಗ ಕೇಳುವುದು ಮೊಂಡಾದ ಒಂದು ಸದ್ದು. ಇನ್ನೊಂದು ಎನ್ವಲಪ್ ತೆಗೆದುಕೊಂಡು ಅದನ್ನು ಸ್ಥಾಯಿಗೆ, ಅಂದರೆ ಪಿಚ್‌ಗೆ ಕಟ್ಟಿ: 200 ಹರ್ಟ್ಜ್ ಆಸುಪಾಸಿನಲ್ಲಿ ಶುರುವಾಗಿ ಕ್ಷಣಾರ್ಧದಲ್ಲಿ 50ಕ್ಕೆ ಕುಸಿಯಬೇಕು. ಅದೇ ಕಿಕ್. ಕುಸಿತದ ವೇಗ ಹೆಚ್ಚಿಸಿದರೆ ಟಕ್ ಹರಿತವಾಗುತ್ತದೆ, ನಿಧಾನಿಸಿದರೆ ‘ದ್ಯೂಂ’ ಎಂದು ಜಾರುತ್ತದೆ.

ಬೇಸ್‌ಗೆ ಗರಗಸದ ಅಲೆ. ಅದರ ಮೇಲೆ ಮಂದ್ರವನ್ನು ಮಾತ್ರ ಬಿಡುವ ಲೋ-ಪಾಸ್ ಫಿಲ್ಟರ್, ಅದರ ಅಂಚನ್ನು ಮೊನಚಾಗಿಸುವ ರೆಸೊನೆನ್ಸ್ ಏರಿಸಿ, ಫಿಲ್ಟರನ್ನು ಒಂದು ಚಿಕ್ಕ ಎನ್ವಲಪ್‌ಗೆ ಕಟ್ಟಿ. ಬೆಸುಗೆಕಡ್ಡಿಯವರು ಹೇಳಿದ 303ರ ಒಳಗುಟ್ಟಿನ ಅರ್ಧ ಇದೇ. ಇನ್ನರ್ಧ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವುದರಲ್ಲಿ ಮತ್ತು ಕೆಲವು ಸ್ವರಗಳಿಗೆ ಕೊಡುವ ಒತ್ತಿನಲ್ಲಿದೆ. ಹೈಹ್ಯಾಟ್‌ಗೆ (ಡ್ರಮ್ಮಿನ ಜೋಡಿ ತಟ್ಟೆ) ಬಿಳಿ ಗದ್ದಲವನ್ನು (‘ಶ್’ ಎಂಬ ಸದ್ದು) ಹೈ-ಪಾಸ್ ಮಾಡಿ, ಅಂದರೆ ಮಂದ್ರವನ್ನು ತೆಗೆದು, ಚಿಕ್ಕದಾಗಿ ಕತ್ತರಿಸಿದರೆ ಸದ್ಯಕ್ಕೆ ಸಾಕು. 1980ರ ರೋಲ್ಯಾಂಡ್ ಡ್ರಮ್ ಯಂತ್ರ ಟಿಆರ್-808ರಲ್ಲಿ ಅದಕ್ಕಾಗಿ ಆರು ಚೌಕ ಅಲೆಯ ಆಸಿಲೇಟರ್‌ಗಳನ್ನು ಒಂದಕ್ಕೊಂದು ಶ್ರುತಿ ಸೇರದಂತೆ ಕೂಡಿಸಿದ್ದರು, ಆ ಲೋಹದ ಕಿಣಿಕಿಣಿ ಅದರಿಂದಲೇ.

ಆಂಬಿಯೆಂಟ್‌ಗೂ ಇವೇ ಸಾಮಗ್ರಿ. ಅಟ್ಯಾಕನ್ನು ಎರಡು ಮೂರು ಸೆಕೆಂಡಿಗೆ ಎಳೆಯಿರಿ, ಎರಡು ಆಸಿಲೇಟರ್‌ಗಳ ಶ್ರುತಿಯನ್ನು ಕೂದಲೆಳೆಯಷ್ಟು ಬೇರ್ಪಡಿಸಿ, ನಿಧಾನವಾಗಿ ಅಲೆಯಾಡಿಸುವ ಎಲ್‌ಎಫ್‌ಒ ಒಂದನ್ನು ಫಿಲ್ಟರ್‌ಗೆ ಬಿಡಿ, ಮೇಲೆ ಉದ್ದನೆಯ ರಿವರ್ಬ್. ಮುಖ್ಯ ಮಟ್ಟ ಸೊನ್ನೆ ಡೆಸಿಬೆಲ್ ಮುಟ್ಟದಿರಲಿ, 6 ಡೆಸಿಬೆಲ್ ಕೆಳಗೇ ಇರಿಸಿ. ಸೊನ್ನೆ ದಾಟಿದರೆ ಧ್ವನಿ ಒಡೆಯುತ್ತದೆ.

ಇರುಳುದನಿ

ತಾಳಗಾರ್ತಿಯವರೇ, ಕಿಕ್ ಬಂತು! ಎಎಸ್‌ಐಒ4ಆಲ್ ಹಾಕಿದ ಮೇಲೆ ತಡವೂ ಹೋಯಿತು. ಸ್ಪೀಕರ್ ಪಟ್ಟಿಯಿಂದ ಹೋಯಿತು, ಸಿಂಥ್ ಮುಂದಕ್ಕೆ ಹೋಯಿತು, 49 ಕೀ ಇಳಿದು 25 ಆಯಿತು. ನೋವೇಶನ್ ಲಾಂಚ್‌ಕೀ ಮಿನಿ ಮತ್ತು ಆರ್ಟುರಿಯಾ ಮಿನಿಲ್ಯಾಬ್ ನಡುವೆ ನೋಡುತ್ತಿದ್ದೇನೆ, ಬಳಸಿದ್ದು ಸಿಕ್ಕರೂ ಆಗಬಹುದು.

ಈಗ ಹೊಸ ತಲೆನೋವು. ಪರಿಚಿತರ ಹಳೆಯ ಸ್ಪೀಕರ್‌ಗೆ ಲ್ಯಾಪ್‌ಟಾಪ್ ಜೋಡಿಸಿದಾಗ ಗುಂಯ್ ಎಂಬ ಸದ್ದು ಸದಾ ಬರುತ್ತದೆ. ಮೌಸ್ ಅಲುಗಿಸಿದರೆ ಅದರ ಜೊತೆಗೆ ಕಿರಿಕಿರಿ ಬೇರೆ. ಹೆಡ್‌ಫೋನ್‌ನಲ್ಲಿ ಇಲ್ಲ.

ಬೆಸುಗೆಕಡ್ಡಿ

ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ ನೋಡಿ. ಸದ್ದು ನಿಂತರೆ ಅದು ಗ್ರೌಂಡ್ ಲೂಪ್: ಲ್ಯಾಪ್‌ಟಾಪ್ ಮತ್ತು ಸ್ಪೀಕರ್ ಎರಡೂ ಬೇರೆ ಬೇರೆ ದಾರಿಯಲ್ಲಿ ಭೂಮಿಗೆ ಸೇರಿ, ನಡುವಿನ ಆಡಿಯೊ ತಂತಿಯಲ್ಲಿ ಬೇಡದ ವಿದ್ಯುತ್ ಹರಿಯುತ್ತಿದೆ. ಮೊದಲು ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಚುಚ್ಚಿ. ಹೋಗದಿದ್ದರೆ ಆಡಿಯೊ ತಂತಿಯ ನಡುವೆ ಟ್ರಾನ್ಸ್‌ಫಾರ್ಮರ್ ಇರುವ ಗ್ರೌಂಡ್ ಲೂಪ್ ಐಸೊಲೇಟರ್ ಹಾಕಿ. ಮುಂದೆ ಇಂಟರ್‌ಫೇಸ್ ಕೊಂಡಾಗ ಸ್ಪೀಕರ್‌ಗೆ ಗದ್ದಲವನ್ನು ರದ್ದುಮಾಡುವ ಬ್ಯಾಲೆನ್ಸ್‌ಡ್ ತಂತಿ ಬಳಸಿದರೆ ಈ ಕಾಟ ಬಹುಮಟ್ಟಿಗೆ ತಪ್ಪುತ್ತದೆ. ಪ್ಲಗ್‌ನ ಅರ್ಥ್ ಪಿನ್ ಮುರಿದರೆ ಸದ್ದು ಹೋಗುತ್ತದೆ ಎಂದು ಹೇಳುವವರು ಸಿಗುತ್ತಾರೆ. ಹೋಗುತ್ತದೆ, ಜೊತೆಗೆ ಶಾಕ್‌ನಿಂದ ನಿಮ್ಮನ್ನು ಕಾಯುವುದೂ ಹೋಗುತ್ತದೆ. ಆ ಕೆಲಸಕ್ಕೆ ಕೈಹಾಕಬೇಡಿ.

ಮುಕ್ತಮೂಲ

ಕೀಬೋರ್ಡ್ ಬಗ್ಗೆ: ನೀವು ಹೆಸರಿಸಿದ ಎರಡರ ಜೊತೆಗೂ ಏಬಲ್‌ಟನ್ ಲೈವ್ ಲೈಟ್ ಆವೃತ್ತಿ ಸಿಗುತ್ತದೆ. ಟ್ರ್ಯಾಕ್‌ಗಳ ಸಂಖ್ಯೆಗೆ ಮಿತಿ ಇದ್ದರೂ ಗಡುವಿಲ್ಲ, ಕೆಲಸ ಉಳಿಸಿಕೊಳ್ಳಬಹುದು. ನಿಮ್ಮ ಪರೀಕ್ಷಾ ಅವಧಿ ಮುಗಿದ ಮೇಲೆ ಅದರಲ್ಲೇ ಮುಂದುವರಿಯಬಹುದು. ಆದರೆ ಆ ಪರವಾನಗಿ ಯಂತ್ರವನ್ನು ಮೊದಲು ನೋಂದಾಯಿಸಿದವರ ಖಾತೆಗೆ ಸೇರಿರುತ್ತದೆ. ಬಳಸಿದ್ದನ್ನು ಕೊಳ್ಳುವುದಾದರೆ ನೋಂದಣಿ ಆಗಿದೆಯೇ, ಆಗಿದ್ದರೆ ವರ್ಗಾಯಿಸಿಕೊಡುತ್ತಾರೆಯೇ ಎಂದು ಹಣ ಕೊಡುವ ಮೊದಲೇ ಮಾರುವವರನ್ನು ಕೇಳಿ. ಯುಎಸ್‌ಬಿ ಕಿಂಡಿ ಸಡಿಲವಾಗಿದೆಯೇ, ಪ್ರತಿ ಪ್ಯಾಡ್ ಮೆಲ್ಲಗೆ ತಟ್ಟಿದರೂ ಸ್ಪಂದಿಸುತ್ತದೆಯೇ ಎಂಬುದನ್ನೂ ನೋಡಿಕೊಳ್ಳಿ.